ಸೂರಿಲ್ಲದ ಮನೆಗಳ ಎದುರು ಏಳು ದಿನ

ಮನೆ ಬುಕ್ ಮಾಡುವಾಗ ನಾನು ನೋಡಿದ್ದು ಎರಡೇ ವಿಷಯ. ಒಂದು ದರ. ಇನ್ನೊಂದು, ಹಿಂದೆ ಉಳಿದುಹೋದವರು ಬರೆದ ಅಭಿಪ್ರಾಯಗಳಲ್ಲಿ 'ಶಾಂತ' ಅನ್ನೋ ಮಾತು ಎಷ್ಟು ಸಲ ಬಂದಿದೆ ಅನ್ನೋದು. ಹೆಚ್ಚುಕಡಿಮೆ ಎಲ್ಲರೂ ಬರೆದಿದ್ದರು. ಆ ಶಾಂತಿ ಅಲ್ಲಿಗೆ ಹೇಗೆ ಬಂತು ಅಂತ ಯೋಚಿಸುವ ವ್ಯವಧಾನ ನನಗಾಗ ಇರಲಿಲ್ಲ.

ಮ್ಯಾಂಚೆಸ್ಟರ್‌ಗೆ ಆನ್‌ಸೈಟ್ ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಮೊದಲು ಬಡಿದುಕೊಳ್ಳುವುದು ನನ್ನ ಫೋನು. ಹೆಂಡತಿಯ ಕೆಲಸವೂ ಅದಕ್ಕಿಂತ ಬಹಳ ಬೇರೆ ಏನಲ್ಲ. ಅಕ್ಟೋಬರ್‌ನಲ್ಲಿ ಇಬ್ಬರಿಗೂ ಒಟ್ಟಿಗೆ ಒಂದು ವಾರ ರಜೆ ಸಿಕ್ಕಿದ್ದೇ ಪವಾಡ. ಬ್ರಿಟನ್ನಿನ ವೀಸಾ ಇದ್ದರೆ ನಮ್ಮಂಥ ಭಾರತೀಯರಿಗೆ ಟರ್ಕಿಯ ಇ-ವೀಸಾ ಸುಲಭವಾಗಿ ಸಿಗುತ್ತೆ. ದಲಮಾನ್‌ಗೆ ನೇರ ವಿಮಾನ ಇದೆ. ಅಲ್ಲಿಂದ ಫೆತಿಯೆ ಅನ್ನೋ ಕಡಲತೀರದ ಊರು, ಫೆತಿಯೆಯಿಂದ ಗುಡ್ಡ ಹತ್ತಿ ಇಳಿದರೆ ಸುಮಾರು 8 ಕಿ.ಮೀ. ದೂರದಲ್ಲಿ ಕಾಯಾ ಕಣಿವೆ. ನಾವು ಹೊರಟಿದ್ದು ಅಲ್ಲಿಗೆ.

ಲಗೇಜಿನಲ್ಲಿ ಬಟ್ಟೆಯ ಜೊತೆ ಒಂದು ಫೈಲೂ ಇತ್ತು. ಸಾಗರ ತಾಲೂಕಿನ ನಮ್ಮ ಅಜ್ಜನ ಮನೆ ಮಾರೋದು ಅಂತ ಅಪ್ಪ ತೀರ್ಮಾನ ಮಾಡಿದ್ದರು. ಪಿತ್ರಾರ್ಜಿತ ಆಸ್ತಿ, ಮಕ್ಕಳ ಸಹಿಯೂ ಬೇಕು ಅಂತ ಕೊಳ್ಳುವವರ ಹಟ. ನಾನು ಜಿಪಿಎಗೆ ಸಹಿ ಹಾಕಿ, ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕಿತ್ತು. ಕರಡು ಬಂದು ಎರಡು ತಿಂಗಳಾಗಿತ್ತು. 'ರಜೆಯಲ್ಲಿ ನಿಧಾನಕ್ಕೆ ಓದಿ ನೋಡ್ತೀನಿ ಅಪ್ಪಾ' ಅಂತ ಹೇಳಿ ಸುಮ್ಮನಾಗಿದ್ದೆ. ಓದೋದಕ್ಕೆ ಅದರಲ್ಲಿ ಇದ್ದದ್ದು ಮೂರೇ ಪುಟ.

ಫೆತಿಯೆಯಿಂದ ಕಣಿವೆಗೆ ದೊಲ್ಮುಶ್‌ನಲ್ಲಿ ಹೋದೆವು. ದೊಲ್ಮುಶ್ ಅಂದರೆ ನಮ್ಮ ಮ್ಯಾಕ್ಸಿಕ್ಯಾಬು. ಆ ಪದದ ಅರ್ಥವೇ 'ತುಂಬಿದ್ದು' ಅಂತ. ಒಳಗೆ ಮಸಾಲೆ ತುಂಬಿದ ದೊಣ್ಣೆಮೆಣಸಿನಕಾಯಿಗೆ ದೊಲ್ಮಾ ಅಂತಾರಲ್ಲ, ಅದೇ ಮೂಲದ ಪದ. ನಾವಿಬ್ಬರೂ ಎರಡು ಸೂಟ್‌ಕೇಸಿನ ಜೊತೆ ದೊಲ್ಮಾ ಆಗಿಯೇ ಗುಡ್ಡ ಹತ್ತಿದೆವು. ಪೈನ್ ಮರಗಳ ನಡುವೆ ಕೆಲವು ತಿರುವು, ಆಮೇಲೆ ಇದ್ದಕ್ಕಿದ್ದಂತೆ ಕೆಳಗೆ ಚಪ್ಪಟೆ ನೆಲ, ಸುತ್ತ ಬೆಟ್ಟ. ಉತ್ತ ಹೊಲ, ಆಲಿವ್ ಮರ, ಅಂಜೂರ, ದಾಳಿಂಬೆ. ಕಣಿವೆಯ ಒಂದು ಬದಿಯ ಇಳಿಜಾರಿನಲ್ಲಿ ಮಾತ್ರ ಬೂದು ಬಣ್ಣದ ಏನೋ ಗುಡ್ಡೆಗುಡ್ಡೆಯಾಗಿ ಕಾಣಿಸಿತು. ಕಲ್ಲಿನ ಕ್ವಾರಿ ಇರಬೇಕು ಅಂದುಕೊಂಡೆ.

ನಾವು ಇಳಿದ ಕೇರಿಯ ಹೆಸರು ಕೆಚಿಲೆರ್. ಅಂದರೆ 'ಮೇಕೆಗಳು'. ಹೆಸರಿಗೆ ತಕ್ಕಂತೆ ಗೇಟಿನ ಹತ್ತಿರ ಮೊದಲು ಸ್ವಾಗತ ಮಾಡಿದ್ದೂ ಒಂದು ಮೇಕೆಯೇ. ಎರಡು ಕೋಣೆಯ ಕಲ್ಲಿನ ಮನೆ. ಅರ್ಧ ಮೀಟರಿನಷ್ಟು ದಪ್ಪ ಗೋಡೆ, ಮೂಲೆಯಲ್ಲಿ ಒಲೆ, ಮರದ ತೊಲೆ, ಮೇಲೆ ಕೆಂಪು ಹೆಂಚು. ಹಿತ್ತಿಲಲ್ಲಿ ಹಿಪ್ಪುನೇರಳೆ ಮರದ ಕೆಳಗೆ ಒಂದು ಮೇಜು. ಸ್ನಾನದ ಬಿಸಿನೀರಿಗೆ ಛಾವಣಿಯ ಮೇಲೆ ಸೋಲಾರ್ ಟ್ಯಾಂಕು, ಥೇಟ್ ಬೆಂಗಳೂರಿನ ಮನೆಗಳ ಮೇಲೆ ಇರುತ್ತಲ್ಲ ಹಾಗೆ. ಮೋಡ ಕವಿದ ದಿನ ನೀರು ಉಗುರುಬೆಚ್ಚಗೆ ಬರೋದೂ ಬೆಂಗಳೂರಿನ ಹಾಗೇ.

ಮನೆಯ ಯಜಮಾನರು ಪಕ್ಕದಲ್ಲೇ ಹೊಸ ಕಾಂಕ್ರೀಟ್ ಮನೆ ಕಟ್ಟಿಕೊಂಡಿದ್ದರು. ಅವರ ತಾಯಿಗೆ ಎಪ್ಪತ್ತೈದರ ಹತ್ತಿರ ವಯಸ್ಸು. ಅಲ್ಲಿ ವಯಸ್ಸಾದ ಹೆಂಗಸರನ್ನು ಪರಿಚಯ ಇರಲಿ ಬಿಡಲಿ 'ತೇಯ್ಜೆ' ಅಂತ ಕರೀತಾರೆ, ನಮ್ಮಲ್ಲಿ ದೊಡ್ಡಮ್ಮ, ಚಿಕ್ಕಮ್ಮ ಅಂದ ಹಾಗೆ. ನಾವೂ ತೇಯ್ಜೆ ಅಂದೆವು. ಅವರಿಗೆ ಇಂಗ್ಲಿಷ್ ಬರಲ್ಲ, ನಮಗೆ ಟರ್ಕಿಶ್ ಬರಲ್ಲ. ಮಧ್ಯೆ ಇದ್ದದ್ದು ನನ್ನ ಫೋನಿನ ಅನುವಾದದ ಆ್ಯಪ್. ಅದಕ್ಕೂ ಮೊದಲು ಕೆಲಸಕ್ಕೆ ಬಂದದ್ದು ನನ್ನ ಹೆಂಡತಿಯ ಹುಬ್ಬಳ್ಳಿ. ಮೊದಲ ದಿನವೇ ಸೋಪು ಬೇಕು ಅಂತ ಕೈಸನ್ನೆ ಮಾಡಿದಾಗ ತೇಯ್ಜೆ 'ಸಾಬುನ್?' ಅಂದರು. ತಿಂಡಿಗೆ ಚೀಸ್ ತಂದಿಟ್ಟು 'ಪೆಯ್ನಿರ್' ಅಂದರು. ಬಾದಾಮಿ 'ಬಾದೆಮ್', ಅಂಗಡಿ 'ದುಕ್ಕಾನ್', ಜೇಬು 'ಜೆಪ್'. ಪಾರಸಿ, ಅರಬ್ಬಿಯಿಂದ ಈ ಕಡೆಗೂ ಆ ಕಡೆಗೂ ಹೋದ ಪದಗಳು.

'ಈ ತೇಯ್ಜೆ ಥೇಟ್ ನಮ್ಮ ಓಣಿ ಅಜ್ಜಿ ಹಂಗ ಅದಾಳ ನೋಡು' ಅಂದಳು ನನ್ನವಳು. ಎರಡನೇ ದಿನದಿಂದ ಅಡುಗೆಮನೆಯಲ್ಲಿ ಇಬ್ಬರದೂ ಒಂದೇ ಸಂಸಾರ.

ಸಸ್ಯಾಹಾರಿಗಳು ಹೆದರಬೇಕಿಲ್ಲ, ಇದನ್ನು ಹೇಳಿಬಿಡ್ತೀನಿ. ಬೆಳಗಿನ ತಿಂಡಿಗೆ ಆಲಿವ್, ಟೊಮೆಟೊ, ಸೌತೆಕಾಯಿ, ಚೀಸ್, ಜೇನು, ಬ್ರೆಡ್ಡು. ಮಧ್ಯಾಹ್ನಕ್ಕೆ ಗೊಜ್ಲೆಮೆ. ನಮ್ಮ ಹೋಳಿಗೆಯಷ್ಟೇ ತೆಳ್ಳಗೆ ಲಟ್ಟಿಸಿ, ಒಳಗೆ ಪಾಲಕ್ಕೋ ಚೀಸೋ ಇಟ್ಟು ಮಡಚಿ, ಉಬ್ಬಿದ ಕಬ್ಬಿಣದ ಹಂಚಿನ ಮೇಲೆ ಬೇಯಿಸ್ತಾರೆ. ಜೊತೆಗೆ ಐರಾನ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ. ಒಗ್ಗರಣೆ ಒಂದಿಲ್ಲ ಅಷ್ಟೆ. ಚಹಾ ಮಾತ್ರ ಹಾಲಿಲ್ಲದ್ದು, ಒಂದರ ಮೇಲೊಂದು ಕೂತ ಎರಡು ಕೆಟಲಿನಲ್ಲಿ ಕುದಿಸಿ, ನಡು ಸಣ್ಣಗಿರೋ ಪುಟ್ಟ ಗಾಜಿನ ಲೋಟದಲ್ಲಿ ಕೊಡ್ತಾರೆ. ದಿನಕ್ಕೆ ಎಂಟು ಲೋಟ ಆದಮೇಲೆ ಲೆಕ್ಕ ಬಿಟ್ಟೆ.

ನಾನು ಕ್ವಾರಿ ಅಂದುಕೊಂಡದ್ದು ಕ್ವಾರಿ ಆಗಿರಲಿಲ್ಲ. ಮೊದಲ ಸಂಜೆ ಹಿತ್ತಿಲಲ್ಲಿ ಕೂತು ನೋಡಿದಾಗ ಬಿಸಿಲು ಓರೆಯಾಗಿ ಬಿದ್ದು ಒಂದೊಂದೇ ಕಿಟಕಿ ಬಿಡಿಬಿಡಿಯಾಗಿ ಕಾಣತೊಡಗಿತು. ನೂರಾರು ಮನೆಗಳು. ಒಂದಕ್ಕೂ ಸೂರಿಲ್ಲ, ಬಾಗಿಲಿಲ್ಲ. ಕತ್ತಲಾದ ಮೇಲೆ ಕಣಿವೆಯ ನೆಲದಲ್ಲಿ ಅಲ್ಲಲ್ಲಿ ದೀಪ ಹತ್ತಿತು. ಆ ಇಡೀ ಗುಡ್ಡದಲ್ಲಿ ಒಂದೂ ಹತ್ತಲಿಲ್ಲ.

ಮಾರನೇ ದಿನ ಟಿಕೆಟ್ ತೆಗೆದುಕೊಂಡು ಹತ್ತಿದೆವು. ಈಗ ಅದಕ್ಕೆ ಕಾಯಾಕೊಯ್ ಅಂತ ಹೆಸರು. 'ಕಾಯಾ' ಅಂದರೆ ಬಂಡೆ, 'ಕೊಯ್' ಅಂದರೆ ಹಳ್ಳಿ. ಅಲ್ಲಿದ್ದ ಗ್ರೀಕ್ ಆರ್ಥಡಾಕ್ಸ್ ಕ್ರೈಸ್ತರು ಕರೀತಿದ್ದದ್ದು ಲಿವಿಸ್ಸಿ ಅಂತ. ಅವರು ಇಳಿಜಾರಿನಲ್ಲಿ, ಮುಸ್ಲಿಂ ಕುಟುಂಬಗಳು ಕೆಳಗೆ ಕಣಿವೆಯಲ್ಲಿ. ಉಳುಮೆಯ ನೆಲ ಹಾಳಾಗಬಾರದು ಅಂತ ಮನೆಗಳನ್ನು ಕಲ್ಲುಗುಡ್ಡದ ಮೇಲೆ ಕಟ್ಟಿದ್ದರಂತೆ. ಒಂದು ಮನೆ ಇನ್ನೊಂದರ ಬೆಳಕಿಗೆ ಅಡ್ಡ ಬರದ ಹಾಗೆ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ್ದಾರೆ ಅಂತಲೂ ಹೇಳ್ತಾರೆ. ನಡೆದು ನೋಡಿದರೆ ಹೌದು ಅನ್ನಿಸುತ್ತೆ, ಯಾವ ಕಿಟಕಿಯಲ್ಲಿ ನಿಂತರೂ ಎದುರಿಗೆ ಕಣಿವೆ.

ನನಗೆ ಹಿಡಿಸಿದ್ದು ನೀರಿನ ಲೆಕ್ಕ. ಗುಡ್ಡದ ಮೇಲೆ ಬೇಸಿಗೆಯಲ್ಲಿ ನೀರೆಲ್ಲಿ ಬರಬೇಕು? ಮನೆಮನೆಗೂ ಕಲ್ಲಿನ ತೊಟ್ಟಿ ಇದೆ. ಛಾವಣಿಗೆ ಬಿದ್ದ ಮಳೆ ನೀರು ಅದಕ್ಕೆ ಇಳಿಯೋದು. ಅಂದರೆ ನಮ್ಮ ಸಂಪು, ಮಳೆಕೊಯ್ಲು, ಎಲ್ಲ. ಬೆಂಗಳೂರಿನಲ್ಲಿ ಮನೆ ಕಟ್ಟುವವರಿಗೆ ಕಾನೂನು ಮಾಡಿ ಹೇಳಬೇಕಾದದ್ದನ್ನು ಇವರು ನೂರು ವರ್ಷಕ್ಕೂ ಮೊದಲು ಸುಮ್ಮನೆ ಮಾಡಿಕೊಂಡಿದ್ದರು. ಒಂದು ತೊಟ್ಟಿಯೊಳಗೆ ಬಗ್ಗಿ ನೋಡಿದೆ. ಒಣಗಿದ ಎಲೆ, ಒಂದು ನೀರಿನ ಬಾಟಲಿ. ಛಾವಣಿಯೇ ಇಲ್ಲದ ಮೇಲೆ ತೊಟ್ಟಿಗೆ ನೀರು ಇಳಿಸೋದು ಯಾವುದು?

ಒಂದು ಮನೆಯ ಒಳಗೆ ಅಂಜೂರದ ಮರ ಬೆಳೆದು ನಿಂತಿತ್ತು, ಕೋಣೆಯ ಸರಿಯಾದ ಮಧ್ಯಕ್ಕೆ, ಯಾರೋ ನೆಟ್ಟ ಹಾಗೆ. ಇನ್ನೊಂದರಲ್ಲಿ ಗಾರೆಯ ಮೇಲೆ ನೀಲಿ ಬಣ್ಣ ಇನ್ನೂ ಇತ್ತು. ಒಲೆಯ ಮೇಲಿನ ಹೊಗೆಗೂಡು ಎಷ್ಟೋ ಮನೆಗಳಲ್ಲಿ ಹಾಗೇ ನಿಂತಿದೆ. ಎರಡು ದೊಡ್ಡ ಚರ್ಚುಗಳಿವೆ, ಒಂದು ಕೆಳಗೆ, ಒಂದು ಮೇಲೆ. ಅಂಗಳದಲ್ಲಿ ಕಪ್ಪು ಬಿಳಿ ಬೆಣಚುಕಲ್ಲಿನಲ್ಲಿ ಮಾಡಿದ ಚಿತ್ತಾರ, ರಂಗೋಲಿಯ ನೆನಪು ತರುವಂಥದ್ದು. ಹೆಂಡತಿ ಅದರ ಮೇಲೆ ಕಾಲಿಡದೆ ಸುತ್ತು ಹಾಕಿ ಹೋದಳು.

ಆಗಿದ್ದು ಇಷ್ಟು. ಮೊದಲ ಮಹಾಯುದ್ಧ, ಅದರ ಬೆನ್ನಿಗೇ ಗ್ರೀಸ್ ಮತ್ತು ಟರ್ಕಿಯ ಯುದ್ಧ. ಅದು ಮುಗಿದ ಮೇಲೆ 1923ರ ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಎರಡೂ ದೇಶದವರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಟರ್ಕಿಯಲ್ಲಿರೋ ಆರ್ಥಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನಲ್ಲಿರೋ ಮುಸ್ಲಿಮರು ಟರ್ಕಿಗೆ. ಇಸ್ತಾಂಬುಲ್‌ನ ಗ್ರೀಕರು, ಪಶ್ಚಿಮ ಥ್ರೇಸ್‌ನ ಮುಸ್ಲಿಮರಂಥ ಕೆಲವರನ್ನು ಬಿಟ್ಟು. ಯುದ್ಧದ ಕಾಲದಲ್ಲೇ ಓಡಿಹೋಗಿದ್ದವರನ್ನೂ ಸೇರಿಸಿ ಸುಮಾರು 12 ಲಕ್ಷ ಜನ ಆ ಕಡೆಗೆ, ಮೂರೂವರೆಯಿಂದ ನಾಲ್ಕು ಲಕ್ಷ ಜನ ಈ ಕಡೆಗೆ. ಯಾರು ಹೋಗಬೇಕು ಅಂತ ತೀರ್ಮಾನ ಮಾಡಿದ್ದು ಧರ್ಮ ನೋಡಿ, ಭಾಷೆ ನೋಡಿ ಅಲ್ಲ. ಮನೆಯಲ್ಲಿ ಟರ್ಕಿಶ್ ಬಿಟ್ಟು ಬೇರೆ ಆಡದ ಕ್ರೈಸ್ತರೂ, ಗ್ರೀಕ್ ಆಡುವ ಮುಸ್ಲಿಮರೂ ಹೊರಟರು. ನೀವು ಹೋಗ್ತೀರಾ ಅಂತ ಯಾರನ್ನೂ ಕೇಳಲಿಲ್ಲ.

ಲಿವಿಸ್ಸಿಯವರು ಹೀಗೆ ಖಾಲಿಯಾದರು. ಇವರಲ್ಲಿ ಮತ್ತು ಪಕ್ಕದ ಮಾಕ್ರಿಯವರಲ್ಲಿ ಕೆಲವರು ಅಥೆನ್ಸ್ ಹತ್ತಿರ ನೆಲೆಯಾಗಿ ಆ ಜಾಗಕ್ಕೆ ನೇಯಾ ಮಾಕ್ರಿ, ಅಂದರೆ 'ಹೊಸ ಮಾಕ್ರಿ' ಅಂತ ಹೆಸರಿಟ್ಟರು. ಹಳೇ ಮಾಕ್ರಿಯೇ ಇವತ್ತಿನ ಫೆತಿಯೆ. ಅದಕ್ಕೆ 1914ರಲ್ಲಿ ವಿಮಾನ ಅಪಘಾತದಲ್ಲಿ ಸತ್ತ ಫೆತಿ ಬೇ ಅನ್ನೋ ಪೈಲಟ್‌ನ ಹೆಸರು ಆಮೇಲೆ ಬಂತು. ಗ್ರೀಸಿನಿಂದ ಬಂದ ಮುಸ್ಲಿಮರಿಗೆ ಈ ಕಲ್ಲುಗುಡ್ಡದ ಮನೆಗಳು ಹೊಂದಲಿಲ್ಲ, ಹೆಚ್ಚಿನವರು ಬೇರೆ ಕಡೆ ಹೋದರು. 1957ರ ಭೂಕಂಪ ಉಳಿದ ಗೋಡೆಗಳನ್ನೂ ಅಲ್ಲಾಡಿಸಿತು. ಲೂಯಿ ದ ಬರ್ನಿಯೇರ್‌ ಬರೆದ 'ಬರ್ಡ್ಸ್ ವಿತೌಟ್ ವಿಂಗ್ಸ್' ಕಾದಂಬರಿಯ ಊರಿಗೆ ಇದೇ ಮಾದರಿ. ಹೆಂಡತಿ ಅದನ್ನು ಕಿಂಡಲ್‌ನಲ್ಲಿ ಓದ್ತಾ ಇದ್ದಳು, ನಾನು ಇನ್ನೂ ಶುರು ಮಾಡಿಲ್ಲ.

ನನ್ನ ತಲೆಯಲ್ಲಿ ಓಡ್ತಾ ಇದ್ದದ್ದು ಛಾವಣಿ. ಮಲೆನಾಡಿನವರಿಗೆ ಇದು ಗೊತ್ತು. ಮನೆ ಬೀಳೋದು ಗೋಡೆಯಿಂದಲ್ಲ, ಮೇಲಿನಿಂದ. ಜನ ಬಿಟ್ಟ ಮನೆಯ ಮೇಲೆ ಮಂಗ ಹಾರಿ ಎರಡು ಹೆಂಚು ಒಡೆದರೆ ಸಾಕು. ಆ ವರ್ಷ ಪಕಾಸಿ ನೆನೆಯುತ್ತೆ, ಮುಂದಿನ ವರ್ಷ ತೊಲೆ, ಮೂರನೇ ಮಳೆಗೆ ಮಣ್ಣಿನ ಗೋಡೆ ಕರಗೋಕೆ ಶುರು. ಇಲ್ಲಿ ಕಲ್ಲಿನ ಗೋಡೆ, ನೂರು ವರ್ಷ ನಿಂತಿದೆ. ನಮ್ಮ ಅಜ್ಜನ ಮನೆ ಹತ್ತು ವರ್ಷವೂ ನಿಲ್ಲಲ್ಲ. ಅಜ್ಜಿ ಹೋಗಿ ನಾಲ್ಕು ವರ್ಷ. ಕಳೆದ ಜೂನ್‌ನಲ್ಲಿ ಅಡುಗೆಮನೆಯ ಮೇಲೆ ಸೋರಿದ್ದಕ್ಕೆ ಪಕ್ಕದ ಮನೆಯ ಅಣ್ಣ ನೀಲಿ ಟಾರ್ಪಾಲು ಹೊದೆಸಿ ಫೋಟೊ ಕಳಿಸಿದ್ದ. ನಾನು ಅದಕ್ಕೆ ಕೈ ಮುಗಿಯೋ ಎಮೋಜಿ ಹಾಕಿದ್ದೆ.

ನಮ್ಮನ್ನು ಯಾರೂ ಓಡಿಸಿರಲಿಲ್ಲ. ಆ ಗುಡ್ಡ ಇಳಿಯುವಾಗ ಇದೊಂದು ಮಾತು ಪದೇಪದೇ ಕಾಡಿತು. ಅವರ ಸಂಕಟದ ಜೊತೆ ನಮ್ಮ ಸೈಟು ವ್ಯವಹಾರ ಹೋಲಿಸೋದು ತಪ್ಪು, ಅದು ನನಗೂ ಗೊತ್ತು.

ಮೂರನೇ ದಿನ ಅವಶೇಷಗಳ ಹಿಂದಿನ ಕಾಲುದಾರಿಯಲ್ಲಿ ಒಲುದೆನಿಜ್‌ಗೆ ನಡೆದೆವು. ಪೈನ್ ಕಾಡಿನೊಳಗೆ ಎರಡೂವರೆ ಗಂಟೆಯ ದಾರಿ. ಬಂಡೆಗಳ ಮೇಲೆ ಬಣ್ಣದ ಗುರುತು ಹಾಕಿದ್ದಾರೆ, ತಪ್ಪಿಸಿಕೊಳ್ಳೋ ಭಯ ಇಲ್ಲ. ಆದರೆ ಚಪ್ಪಲಿಯಲ್ಲಿ ಹೋಗಬೇಡಿ, ಕಲ್ಲು ಜಾರುತ್ತೆ. ಒಂದು ತಿರುವಿನಲ್ಲಿ ಕೆಳಗೆ ನೀಲಿ ಲಗೂನು ಕಾಣಿಸಿದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಕೆಳಗಿಳಿದರೆ ಬೇರೆಯೇ ಲೋಕ. 1,969 ಮೀಟರ್ ಎತ್ತರದ ಬಾಬಾದಾಗ್‌ನಿಂದ ಹಾರಿದ ಪ್ಯಾರಾಗ್ಲೈಡರ್‌ಗಳು ತಲೆಯ ಮೇಲೆ ಗಾಳಿಪಟದ ಹಾಗೆ, ಬೀಚಿನ ತುಂಬ ಜೋರು ಸಂಗೀತ, ಇಂಗ್ಲಿಷ್ ಬ್ರೇಕ್‌ಫಾಸ್ಟ್ ಬೋರ್ಡು. ಒಂದು ಐಸ್‌ಕ್ರೀಮ್ ತಿಂದು ದೊಲ್ಮುಶ್ ಹಿಡಿದೆವು. ಫೆತಿಯೆಯ ಬಂಡೆಯಲ್ಲಿ ಕೊರೆದ ಲಿಸಿಯನ್ ಸಮಾಧಿಗಳನ್ನೂ ಒಂದು ದಿನ ನೋಡಿದೆವು. ಚೆನ್ನಾಗಿವೆ, ಆದರೆ ಮನಸ್ಸು ಹಿತ್ತಿಲಿನ ಮೇಜಿನಲ್ಲೇ ಇತ್ತು.

ಐದನೇ ದಿನ ತೇಯ್ಜೆ ಬುಟ್ಟಿ ತುಂಬ ದಾಳಿಂಬೆ ತಂದು ಮೇಜಿನ ಮೇಲೆ ಸುರಿದರು. ಕಾಳು ಬಿಡಿಸಿ, ರಸ ತೆಗೆದು, ಕುದಿಸಿ ಗಟ್ಟಿ ಮಾಡಿ ಸೀಸೆಗೆ ತುಂಬಿಡ್ತಾರೆ, ನಮ್ಮ ಹುಣಸೆ ರಸದ ಹಾಗೆ ಹುಳಿಗೆ ಬಳಸೋಕೆ. ನಾವೂ ಬಿಡಿಸೋಕೆ ಕೂತೆವು. ಬೇಲಿಯಾಚೆ ಹೋಗುವವರು ನಮ್ಮನ್ನು ನೋಡಿ 'ಕೊಲಾಯ್ ಗೆಲ್ಸಿನ್' ಅಂತ ಕೂಗಿ ಹೋಗ್ತಿದ್ದರು. 'ಕೆಲಸ ಹಗುರಾಗಲಿ' ಅಂತ ಅರ್ಥ. ಕೆಲಸ ಮಾಡ್ತಿರೋ ಯಾರನ್ನು ದಾಟಿ ಹೋಗುವಾಗಲೂ ಹಾಗೆ ಹೇಳಬೇಕಂತೆ. ನಮ್ಮ ಆಫೀಸಿನಲ್ಲಿ ಡೆಸ್ಕ್ ದಾಟುವವರು 'ಯಾವಾಗ ಮುಗಿಯುತ್ತೆ?' ಅಂತ ಕೇಳ್ತಾರೆ.

ಹೆಂಡತಿ ಗುಡ್ಡದ ಕಡೆ ಕೈ ತೋರಿಸಿ, ಅಲ್ಲಿದ್ದವರ ಬಗ್ಗೆ ನಿಮ್ಮ ಮನೆಯಲ್ಲಿ ಏನಾದರೂ ಹೇಳ್ತಿದ್ದರಾ ಅಂತ ಆ್ಯಪ್‌ನಲ್ಲಿ ಕೇಳಿದಳು. ತೇಯ್ಜೆ ಕೈಯಲ್ಲಿದ್ದ ದಾಳಿಂಬೆ ಕೆಳಗಿಟ್ಟರು. ಅವರು ಹೇಳಿದ್ದು ತುಂಡುತುಂಡಾಗಿ ಬಂತು, ಅರ್ಧ ಆ್ಯಪ್‌ನಿಂದ, ಉಳಿದದ್ದು ಸಂಜೆ ಅವರ ಮಗನಿಂದ.

ಅವರ ಗಂಡನ ಅಜ್ಜಿಗೆ ಗುಡ್ಡದ ಮೇಲಿನ ಒಂದು ಮನೆಯವರ ಜೊತೆ ಸ್ನೇಹ ಇತ್ತಂತೆ. ಹೊರಡುವ ದಿನ ಆ ಮನೆಯಾಕೆ ಒಂದು ದೊಡ್ಡ ತಾಮ್ರದ ಕೊಪ್ಪರಿಗೆ ತಂದು ಕೊಟ್ಟಳು. ಹೊತ್ತುಕೊಂಡು ಹೋಗೋಕೆ ಆಗಲ್ಲ, ಬಂದಾಗ ತಗೋತೀನಿ ಅಂದಳು. ವಾಪಸ್ ಬರ್ತೀವಿ ಅಂತಲೇ ನಂಬಿದ್ದರಂತೆ. ಆ ಕೊಪ್ಪರಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಟ್ಟದ ಮೇಲಿತ್ತು. ಯಾರೂ ಅದರಲ್ಲಿ ಅಡುಗೆ ಮಾಡಲಿಲ್ಲ. ವರ್ಷಕ್ಕೊಮ್ಮೆ ಇಳಿಸಿ, ತೊಳೆದು, ಮತ್ತೆ ಮೇಲಿಡೋದು. ಆಮೇಲೆ 1957ರ ಭೂಕಂಪದಲ್ಲಿ ಇವರ ಮನೆಯೂ ಬಿರುಕು ಬಿಟ್ಟಿತು. ಸೂರು ಎತ್ತಿಸೋಕೆ ದುಡ್ಡಿಲ್ಲ. ತೇಯ್ಜೆಯ ಅತ್ತೆ ಅದನ್ನು ಫೆತಿಯೆಗೆ ಒಯ್ದು ಮಾರಿಬಿಟ್ಟರು.

'ಎಮಾನೆತ್' ಅಂದರು ತೇಯ್ಜೆ. 'ಎಮಾನೆತ್ತಿ.' ಆ್ಯಪ್ ಅದನ್ನು 'ಎಸ್ಕ್ರೋ' ಅಂತ ತೋರಿಸಿತು. ನಾನು ತಲೆ ಕೆರೆದುಕೊಂಡೆ. ಹೆಂಡತಿ ಮಾತ್ರ ತಟ್ಟನೆ ತಲೆ ಎತ್ತಿದಳು.

'ಅಮಾನತ್! ಇಟ್ಕೊ ಅಂತ ನಂಬಿ ಕೊಟ್ಟಿದ್ದು. ನಮ್ಮ ಬಾಜೂ ಮನಿ ಚಾಚಿ ಅಂತಿದ್ರಲ್ಲ.'

ನಮ್ಮ ಅಮಾನತ್ತೂ ಅದೇ ಪದ. ಈಗ ಪೇಪರಿನಲ್ಲಿ ಅಧಿಕಾರಿಗಳು ಆಗೋ ಅಮಾನತ್ತು ಒಂದೇ ನಮಗೆ ಗೊತ್ತು. ಒಬ್ಬರು ನಂಬಿ ಒಪ್ಪಿಸಿಟ್ಟ ಒಡವೆ ಅನ್ನೋ ಹಳೇ ಅರ್ಥ ನನಗೆ ಟರ್ಕಿಯಲ್ಲಿ, ದಾಳಿಂಬೆ ಕಲೆಯಾದ ಕೈಯಲ್ಲಿ ಕೂತಿದ್ದಾಗ ಸಿಕ್ಕಿತು.

ತೇಯ್ಜೆಯ ಅತ್ತೆ ಸಾಯುವ ತನಕ ಆ ಮಾತು ಎತ್ತುತ್ತಿದ್ದರಂತೆ. ಗ್ರೀಸಿನಿಂದ ಯಾರಾದರೂ ಅಜ್ಜ ಅಜ್ಜಿಯ ಊರು ನೋಡೋಕೆ ಬಂದಿದ್ದಾರೆ ಅಂತ ಗೊತ್ತಾದರೆ ಒಳಗೆ ಹೋಗಿ ಕೂತುಬಿಡ್ತಿದ್ದರಂತೆ. ಆ ಕೊಪ್ಪರಿಗೆಯ ದುಡ್ಡಿನಲ್ಲಿ ಎತ್ತಿಸಿದ ಸೂರು ಯಾವುದು ಅಂತ ನಾನು ಕೇಳಿದೆ. ತೇಯ್ಜೆ ನಾವು ಮಲಗುತ್ತಿದ್ದ ಮನೆಯ ಕಡೆ ಗದ್ದ ಎತ್ತಿ ತೋರಿಸಿದರು.

ಆ ರಾತ್ರಿ ಮಳೆ ಬಂತು, ಆ ವರ್ಷದ ಮೊದಲ ಮಳೆ ಅಂತ ಬೆಳಿಗ್ಗೆ ಹೇಳಿದರು. ಹೆಂಚಿನ ಮೇಲೆ ಬೀಳೋ ಸದ್ದು ಕೇಳಿ ಎಚ್ಚರವಾಯಿತು. ಮ್ಯಾಂಚೆಸ್ಟರ್‌ನಲ್ಲಿ ದಿನಾ ಮಳೆ, ಆದರೆ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಅದಕ್ಕೆ ಸದ್ದಿಲ್ಲ. ಬಹಳ ಹೊತ್ತು ಕೇಳಿಸಿಕೊಂಡು ಮಲಗಿದ್ದೆ. ಎಲ್ಲೂ ಸೋರಲಿಲ್ಲ.

ಅಜ್ಜನ ಮನೆ ಕೊಳ್ಳುವವರು ಅದನ್ನು ಹೋಂಸ್ಟೇ ಮಾಡ್ತಾರಂತೆ. ಈ ಮಾತು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ನಮ್ಮ ಜಗಲಿಯಲ್ಲಿ ಯಾರೋ ವೀಕೆಂಡಿಗೆ ಬಂದವರು ಕಾಲು ಚಾಚಿ ಕೂತು ರೀಲ್ಸ್ ಮಾಡೋದು, ಅಜ್ಜಿಯ ಕೋಣೆಗೆ 'ಹೆರಿಟೇಜ್ ರೂಮ್' ಅಂತ ಹೆಸರಿಡೋದು. ಈಗ ನೋಡಿದರೆ ನಾನೇ ಇನ್ನೊಬ್ಬರ ಅಜ್ಜಿಯ ಮನೆಯಲ್ಲಿ ರಾತ್ರಿಗಿಷ್ಟು ಅಂತ ದುಡ್ಡು ಕೊಟ್ಟು ಕಾಲು ಚಾಚಿ ಕೂತಿದ್ದೇನೆ. ಈ ಮನೆಯ ಸೂರು ನಿಂತಿರೋದೂ ನಮ್ಮಂಥವರ ದುಡ್ಡಿನಿಂದಲೇ. ಹಾಗಂತ ಮನಸ್ಸು ಪೂರ್ತಿ ಒಪ್ಪಲಿಲ್ಲ. ಆದರೆ ಮೊದಲಿನ ಸಿಟ್ಟು ಉಳಿಯಲಿಲ್ಲ.

ಆರನೇ ದಿನ ಫೈಲು ತೆಗೆದು ಮೂರೂ ಪುಟ ಓದಿದೆ. ಚೆಕ್ಕುಬಂದಿ ಬರೆದಿದ್ದರು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ, ಉತ್ತರಕ್ಕೆ ಪಕ್ಕದ ಮನೆಯವರ ತೋಟ. ಕೊಟ್ಟಿಗೆ, ಬಾವಿ, ಮರಮಾಲ್ಕಿ ಸಹಿತ ಅಂತಲೂ ಇತ್ತು. ಒಳಗಿನ ಸಾಮಾನಿನ ಬಗ್ಗೆ ಏನೂ ಇರಲಿಲ್ಲ.

ಹೊರಡುವ ಬೆಳಿಗ್ಗೆ ತೇಯ್ಜೆ ಒಂದು ಸೀಸೆ ದಾಳಿಂಬೆ ರಸ ಕೊಟ್ಟರು. ಚೆಕ್-ಇನ್ ಬ್ಯಾಗಿನಲ್ಲಿ ಮೂರು ಟವೆಲ್ ಸುತ್ತಿ ಇಟ್ಟೆವು. ಟ್ಯಾಕ್ಸಿ ಹೊರಟಾಗ ಹಿಂದಿನಿಂದ ಚೊಂಬಿನಲ್ಲಿ ನೀರು ಚೆಲ್ಲಿದರು. ನಾನು ಗಾಬರಿಯಾಗಿ ಹಿಂದೆ ನೋಡಿದೆ. ಡ್ರೈವರ್ ನಕ್ಕು ವಿವರಿಸಿದ: ನೀರಿನ ಹಾಗೆ ಸರಾಗವಾಗಿ ಹೋಗಿ, ನೀರಿನ ಹಾಗೇ ವಾಪಸ್ ಬನ್ನಿ ಅಂತ. ನಮ್ಮಲ್ಲಿ 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು ಅಂತ ಅಜ್ಜಿ ಬೈತಿದ್ದದ್ದು ಇದಕ್ಕೇ ಇರಬೇಕು. ಕಿಟಕಿಯಿಂದ ತಲೆ ಹಾಕಿ ಕನ್ನಡದಲ್ಲೇ ಹೇಳಿದೆ.

ದಲಮಾನ್ ವಿಮಾನ ನಿಲ್ದಾಣದಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿದೆ.

'ಪೇಪರ್ ಓದಿದೆ ಅಪ್ಪಾ. ಹೋದ ತಕ್ಷಣ ಸಹಿ ಮಾಡಿಸಿ ಕಳಿಸ್ತೀನಿ.'

'ಹ್ಞೂಂ. ಏನೂ ಬದಲಾವಣೆ ಬೇಡವಾ?'

'ಬೇಡ. ಅಲ್ಲ ಅಪ್ಪಾ, ಬಚ್ಚಲಲ್ಲಿ ಅಜ್ಜಿಯ ತಾಮ್ರದ ಹಂಡೆ ಇತ್ತಲ್ಲ, ಅದು ಎಲ್ಲಿದೆ?'

'ಯಾಕೋ, ಅಷ್ಟು ದೂರ ಹೋಗಿ ಹಂಡೆ ನೆನಪಾಯ್ತಾ? ಪಕ್ಕದ ಮನೇಲಿ ಇಟ್ಟಿದೀನಿ. ಮನೆ ಬೀಗ ಹಾಕುವಾಗಲೇ ಕೊಟ್ಟಿದ್ದು. ಅವರು ಅಡಿಕೆ ಬೇಯಿಸೋಕೆ ಬಳಸ್ತಾ ಇದಾರಂತೆ. ಬೇಕಿದ್ರೆ ಹೇಳು, ಕೇಳಿ ತರಿಸ್ತೀನಿ.'

'ಬೇಡ, ಬಳಸಲಿ' ಅಂದೆ. 'ಡಿಸೆಂಬರ್‌ನಲ್ಲಿ ಬರ್ತೀನಲ್ಲ, ಒಂದು ಸಲ ನೋಡಿಕೊಂಡು ಬರೋಣ.'